ಹಳೆ ಕಾರಿನ ಬಂದು-ಹೋಗುವ ಕರೆಂಟ್ ಕಾಯಿಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಹತ್ತಿರ ಇರುವುದು 1996ರ ಮಾರುತಿ 800. ಕಾರ್ಬ್ಯುರೇಟರ್ ಗಾಡಿ. ಇರುವುದು ತೀರ್ಥಹಳ್ಳಿ ಕಡೆ, ಅಂದರೆ ವರ್ಷದಲ್ಲಿ ನಾಲ್ಕು ತಿಂಗಳು ಗಾಡಿ ಒಣಗುವುದೇ ಇಲ್ಲ. ನಾನು ಮೆಕ್ಯಾನಿಕ್ ಅಲ್ಲ. ಆದರೆ ಈ ಗಾಡಿಯ ವೈರುಗಳ ಜೊತೆ ಗುದ್ದಾಡಿ ಗುದ್ದಾಡಿ ಒಂದಷ್ಟು ಕಲಿತಿದ್ದೇನೆ. ಹಳೆ ಕಾರು ಇಟ್ಟುಕೊಂಡಿರುವ ನೆಂಟರು, ಸ್ನೇಹಿತರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಮಾರುತಿ 800, ಓಮ್ನಿ, ಝೆನ್, ಪದ್ಮಿನಿ, ಅಂಬಾಸಿಡರ್, ಯಾವುದೇ ಇರಲಿ, ಮುಕ್ಕಾಲು ಪಾಲು ವಿಷಯ ಒಂದೇ.

ಗ್ಯಾರೇಜಿಗೆ ಹೋದ ತಕ್ಷಣ ತೊಂದರೆ ಮಾಯವಾಗುತ್ತದೆ. ಏನು ಮಾಡಲಿ?

ಇದೇ ಎಲ್ಲರ ಮೊದಲ ಪ್ರಶ್ನೆ. ಹಲ್ಲುನೋವು ಡಾಕ್ಟರ ಬಾಗಿಲಿಗೆ ಹೋದಾಗ ನಿಂತ ಹಾಗೆ. "ಕೆಟ್ಟಾಗ ತಗೊಂಡ್ ಬನ್ನಿ" ಅಂತಾರೆ ಎಲೆಕ್ಟ್ರಿಷಿಯನ್. ಕೆಟ್ಟಾಗ ಗಾಡಿ ಬರುವುದೇ ಇಲ್ಲ. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ.

ಮೊದಲು ಒಂದು ಸಣ್ಣ ನೋಟ್‌ಬುಕ್ ತಂದು ಡ್ಯಾಶ್‌ಬೋರ್ಡಿನಲ್ಲಿ ಇಡಿ. ತೊಂದರೆ ಬಂದಾಗಲೆಲ್ಲ ಬರೆಯಿರಿ. ಇಂಜಿನ್ ಬಿಸಿ ಇತ್ತಾ, ತಣ್ಣಗಿತ್ತಾ? ಮಳೆ ಇತ್ತಾ? ಗುಂಡಿಗೆ ಬಿದ್ದ ಮೇಲಾ? ಹೆಡ್‌ಲೈಟ್, ವೈಪರ್, ಬ್ಲೋವರ್ ಯಾವುದು ಆನ್ ಇತ್ತು? ಎಡಕ್ಕೆ ತಿರುಗಿಸುತ್ತಿದ್ದಿರಾ, ಬ್ರೇಕ್ ಒತ್ತಿದ್ದಿರಾ? ಅದೇ ಹೊತ್ತಿನಲ್ಲಿ ಇನ್ನೇನು ಸತ್ತಿತ್ತು, ಇನ್ನೇನು ಬದುಕಿತ್ತು? ಕೊನೆಯ ಪ್ರಶ್ನೆ ಬಹಳ ಮುಖ್ಯ. ಇಂಜಿನ್ ನಿಂತಾಗ ಹಾರ್ನ್ ಹೊಡೆಯುತ್ತಿತ್ತಾ, ಚಾರ್ಜಿಂಗ್ ದೀಪ ಹತ್ತಿತ್ತಾ ಅನ್ನುವುದು ಗೊತ್ತಾದರೆ ಅರ್ಧ ಗಾಡಿಯನ್ನು ಸಂಶಯದಿಂದ ಬಿಡಬಹುದು.

ಬಂದು-ಹೋಗುವ ತೊಂದರೆ ಒಬ್ಬಂಟಿಯಾಗಿ ಬರುವುದಿಲ್ಲ. ಬಿಸಿ, ನೀರು, ಅಲುಗಾಟ, ಲೋಡು, ಈ ನಾಲ್ಕರಲ್ಲಿ ಯಾವುದಾದರೂ ಒಂದು ಅದರ ಜೊತೆಗಾರ. ನಾಲ್ಕೈದು ಸಲ ಬರೆದರೆ ಆ ಜೊತೆಗಾರ ಯಾರು ಅಂತ ಗೊತ್ತಾಗುತ್ತದೆ. ಆಮೇಲೆ ತೊಂದರೆಯನ್ನು ನೀವೇ ಮನೆ ಅಂಗಳಕ್ಕೆ ಕರೆಯಬಹುದು. ಬಿಸಿ ಆದರೆ ಹೇರ್ ಡ್ರೈಯರ್, ನೀರಾದರೆ ಗಿಡಕ್ಕೆ ಸಿಂಪಡಿಸುವ ಬಾಟಲಿ, ಅಲುಗಾಟವಾದರೆ ಕೈ.

ಯಾವ ಸಾಮಾನು ಬೇಕು?

ಜಾಸ್ತಿ ಏನೂ ಬೇಡ. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್. ಒಂದು ಟೆಸ್ಟ್ ಲ್ಯಾಂಪ್. ಟೆಸ್ಟ್ ಲ್ಯಾಂಪನ್ನು ಮನೆಯಲ್ಲೇ ಮಾಡಿಕೊಳ್ಳಬಹುದು: ಇಂಡಿಕೇಟರಿನ 21 ವ್ಯಾಟ್ ಬಲ್ಬು, ಹೋಲ್ಡರ್, ಎರಡು ಉದ್ದ ವೈರು, ತುದಿಗೆ ಕ್ಲಿಪ್. 10 ನಂಬರ್ ಸ್ಪ್ಯಾನರ್, ಉಪ್ಪಿನ ಕಾಗದ, ಹಳೇ ಟೂತ್‌ಬ್ರಶ್, ಒಳ್ಳೆ ಇನ್ಸುಲೇಷನ್ ಟೇಪ್, ನಾಲ್ಕೈದು ಸ್ಪೇರ್ ಫ್ಯೂಸ್. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯಲ್ಲಿ ಹಳೆ ಗಾಡಿಯ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಪ್ಲಗ್), ಲಗ್ಗು (ವೈರಿನ ತುದಿಯ ಲೋಹದ ಕೊಂಡಿ), ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಎಲ್ಲಾ ಸಿಗುತ್ತವೆ. ಹಳೇದನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಬಾಯಲ್ಲಿ ವಿವರಿಸಿದರೆ ಬೇರೇನೋ ಕೊಡುತ್ತಾರೆ.

ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಪಾಸಿಟಿವ್ ಮೊದಲು ಬಿಚ್ಚಲು ಹೋದರೆ ಸ್ಪ್ಯಾನರ್ ಬಾಡಿಗೆ ತಾಗಿ ದೀಪಾವಳಿ ಆಗುತ್ತದೆ. ಹಾಕುವಾಗ ನೆಗೆಟಿವ್ ಕೊನೆಗೆ.

ಎಲ್ಲಿಂದ ಶುರು ಮಾಡಬೇಕು?

ಬ್ಯಾಟರಿಯಿಂದ. ಎಷ್ಟೇ ದೂರದ ತೊಂದರೆ ಅನ್ನಿಸಿದರೂ ಅಲ್ಲಿಂದಲೇ.

ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್. 12.4 ಅಂದರೆ ಮುಕ್ಕಾಲು. 12ಕ್ಕೆ ಇಳಿದಿದ್ದರೆ ಸುಮಾರು ಕಾಲು ಭಾಗ ಮಾತ್ರ ಉಳಿದಿದೆ. ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಇಂಜಿನ್ ಓಡುವಾಗ 13.8ರಿಂದ 14.5ರ ಒಳಗೆ ಇರಬೇಕು.

ಆಮೇಲೆ ಟರ್ಮಿನಲ್ ಹಿಡಿದು ತಿರುಗಿಸಿ ನೋಡಿ. ಕೈಯಲ್ಲಿ ಒಂದು ಚೂರು ಅಲುಗಿದರೂ ಅದು ಲೂಸ್. ಬಿಳಿ ಅಥವಾ ಹಸಿರು ಪುಡಿ ಕೂತಿದ್ದರೆ ಬಿಸಿನೀರಿಗೆ ಅಡುಗೆ ಸೋಡ ಹಾಕಿ ತೊಳೆಯಿರಿ, ಒಣಗಿಸಿ, ಉಪ್ಪಿನ ಕಾಗದದಲ್ಲಿ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ. ಮೊದಲೇ ಸವರಿ ಆಮೇಲೆ ಬಿಗಿ ಮಾಡುವುದಲ್ಲ. ಲೋಹಕ್ಕೆ ಲೋಹ ನೇರವಾಗಿ ತಾಗಬೇಕು. ಕಾಲು ಗಂಟೆಯ ಕೆಲಸ. ಇದನ್ನು ಮಾಡದೆ ಹೊಸ ಸೆಲ್ಫ್ ಮೋಟರ್ ಹಾಕಿಸಿಕೊಂಡು ಬಂದವರು ನನಗೆ ಗೊತ್ತು.

ಮೀಟರಿನಲ್ಲಿ 12 ವೋಲ್ಟ್ ತೋರಿಸುತ್ತಿದೆ, ಆದರೂ ಲೈಟ್ ಉರಿಯುತ್ತಿಲ್ಲ. ಹೇಗೆ?

ಮೀಟರ್ ಸುಳ್ಳು ಹೇಳುತ್ತಿಲ್ಲ, ಪ್ರಶ್ನೆ ತಪ್ಪು. ಒಂದು ವೈರಿನಲ್ಲಿ ಇಪ್ಪತ್ತು ಎಳೆ ತಾಮ್ರ ಇದೆ ಅಂದುಕೊಳ್ಳಿ. ಹತ್ತೊಂಬತ್ತು ತುಂಡಾಗಿವೆ, ಒಂದು ಎಳೆ ಉಳಿದಿದೆ. ಮೀಟರಿಗೆ ಬೇಕಾಗುವ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಆ ಒಂದು ಎಳೆಯಲ್ಲೂ 12 ವೋಲ್ಟ್ ಕಾಣುತ್ತದೆ. ಹೆಡ್‌ಲೈಟಿಗೆ 5 ಆಂಪ್ ಬೇಕು. ಅದನ್ನು ಕೇಳಿದ ತಕ್ಷಣ ಆ ಎಳೆ ಕೈಚೆಲ್ಲುತ್ತದೆ.

ಅದಕ್ಕೇ ಟೆಸ್ಟ್ ಲ್ಯಾಂಪ್ ಬೇಕು ಅಂದಿದ್ದು. 21 ವ್ಯಾಟ್ ಬಲ್ಬು ಒಂದೂಮುಕ್ಕಾಲು ಆಂಪ್ ಎಳೆಯುತ್ತದೆ. ಅದು ಪೂರ್ತಿ ಬೆಳಗಿದರೆ ವೈರ್ ಆರೋಗ್ಯವಾಗಿದೆ. ಮಂಕಾಗಿ ಉರಿದರೆ ದಾರಿಯಲ್ಲಿ ಎಲ್ಲೋ ತಡೆ ಇದೆ. ಇಲ್ಲವಾದರೆ ಲೈಟ್ ಆನ್ ಇಟ್ಟು, ಹೋಲ್ಡರಿಗೆ ಬಲ್ಬು ಜೋಡಿಸಿಯೇ ಅಳೆಯಬೇಕು. ಹೋಲ್ಡರ್ ಬಿಚ್ಚಿ ಅಳೆದ ಅಂಕಿಗೆ ಬೆಲೆಯಿಲ್ಲ.

ಒಂದು ಎಚ್ಚರಿಕೆ. ಇಂಜೆಕ್ಷನ್ ಇರುವ ಗಾಡಿಯಲ್ಲಿ ಇಸಿಯುಗೆ (ಇಂಜಿನ್ ನಡೆಸುವ ಕಂಪ್ಯೂಟರಿಗೆ) ಹೋಗುವ ವೈರುಗಳಿಗೆ ಈ ಬಲ್ಬನ್ನು ತಾಗಿಸಬೇಡಿ. ಅಷ್ಟು ಕರೆಂಟ್ ಅದರೊಳಗಿನ ಸರ್ಕ್ಯೂಟನ್ನು ಸುಟ್ಟುಬಿಡಬಹುದು. ಅಲ್ಲಿ ಮೀಟರ್ ಮಾತ್ರ.

ಎಲ್ಲರೂ "ಅರ್ತ್ ನೋಡು, ಅರ್ತ್ ನೋಡು" ಅಂತಾರೆ. ಏನು ನೋಡಬೇಕು?

ಸರಿಯಾಗಿಯೇ ಹೇಳುತ್ತಾರೆ. ಕಾರಿನಲ್ಲಿ ಕರೆಂಟ್ ಹೋಗಲು ವೈರಿದೆ, ವಾಪಸ್ ಬರಲು ಬಾಡಿಯೇ ದಾರಿ. ಹೋಗುವ ದಾರಿಯನ್ನು ಎಲ್ಲರೂ ನೋಡುತ್ತಾರೆ. ವಾಪಸ್ ಬರುವ ದಾರಿ ಒಂದು ತುಕ್ಕು ಹಿಡಿದ ಸ್ಕ್ರೂ ಕೆಳಗೆ ಇರುತ್ತದೆ, ಅದನ್ನು ಯಾರೂ ನೋಡುವುದಿಲ್ಲ. 25 ವರ್ಷದಲ್ಲಿ ಆ ಸ್ಕ್ರೂ ಕೆಳಗೆ ಪೇಂಟು, ತುಕ್ಕು, ಕಿಲುಬು ಎಲ್ಲಾ ಸೇರಿ ಒಂದು ಪದರ ಆಗಿರುತ್ತದೆ.

ಅರ್ತ್ ಕೆಟ್ಟಿದೆ ಅನ್ನುವುದಕ್ಕೆ ಗುರುತುಗಳಿವೆ. ಬ್ರೇಕ್ ಒತ್ತಿದರೆ ಅದೇ ಕಡೆಯ ಪಾರ್ಕಿಂಗ್ ದೀಪವೂ ಮಂಕಾಗಿ ಉರಿಯುತ್ತದೆ. ಇಂಡಿಕೇಟರ್ ಹಾಕಿದರೆ ಟೇಲ್ ಲ್ಯಾಂಪ್ ಪೂರ್ತಿ ತಾಳ ಹಾಕುತ್ತದೆ. ಹೆಡ್‌ಲೈಟ್ ಹಾಕಿದ ತಕ್ಷಣ ಪೆಟ್ರೋಲ್ ಮುಳ್ಳು, ಟೆಂಪರೇಚರ್ ಮುಳ್ಳು ಎರಡೂ ಒಟ್ಟಿಗೆ ಜಾಗ ಬದಲಿಸುತ್ತವೆ. ಇದೆಲ್ಲಾ ಏಕೆ ಅಂದರೆ, ತನ್ನ ದಾರಿ ಮುಚ್ಚಿದಾಗ ಕರೆಂಟ್ ಪಕ್ಕದ ಬಲ್ಬಿನ ಮೂಲಕ ನುಸುಳಿ ವಾಪಸ್ ಹೋಗುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ವಸ್ತು ಒಟ್ಟಿಗೆ ಹುಚ್ಚಾಟ ಆಡಿದರೆ ನಾನು ಬೇರೆ ಯೋಚನೆಯನ್ನೇ ಮಾಡುವುದಿಲ್ಲ, ನೇರ ಅರ್ತಿಗೆ ಹೋಗುತ್ತೇನೆ.

ಎಲ್ಲಕ್ಕಿಂತ ದೊಡ್ಡದು ಇಂಜಿನ್ ಅರ್ತ್. ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುತ್ತದೆ, ಹಾಗಾಗಿ ಬಾಡಿಗೂ ಇಂಜಿನ್ನಿಗೂ ಕರೆಂಟ್ ಸಂಬಂಧ ಇರುವುದು ಕೇಬಲ್ ಮೂಲಕ ಮಾತ್ರ. ಆ ಕೇಬಲ್ ಕಿತ್ತುಹೋದರೆ ಸೆಲ್ಫ್ ಹೊಡೆದಾಗ ನೂರಕ್ಕೂ ಮೇಲಿನ ಆಂಪ್ ಇನ್ನೊಂದು ದಾರಿ ಹುಡುಕುತ್ತದೆ. ಸಿಗುವುದು ಆಕ್ಸಿಲರೇಟರ್ ಕೇಬಲ್, ಚೋಕ್ ಕೇಬಲ್. ಸ್ಟಾರ್ಟ್ ಮಾಡಿದ ಮೇಲೆ ಆಕ್ಸಿಲರೇಟರ್ ಕೇಬಲ್ ಬಿಸಿ ಆಗಿದ್ದರೆ, ಅಥವಾ ವಿನಾಕಾರಣ ಬಿಗಿಯಾಗುತ್ತಿದ್ದರೆ, ಹೊಸ ಕೇಬಲ್ ಹಾಕುವ ಮೊದಲು ಇಂಜಿನ್ ಅರ್ತ್ ನೋಡಿ.

ಅಳೆಯುವುದು ಹೀಗೆ. ಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಒಂದು ತುದಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ. ಕ್ಲಾಂಪಿಗೆ ಅಲ್ಲ, ಸೀಸದ ಕಂಬಕ್ಕೇ. ಇನ್ನೊಂದು ತುದಿ ಇಂಜಿನ್ನಿನ ಬರೀ ಲೋಹಕ್ಕೆ. ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಮೀಟರ್ 0.2 ವೋಲ್ಟಿನ ಒಳಗೆ ಇರಬೇಕು. ಅರ್ಧ ವೋಲ್ಟ್, ಒಂದು ವೋಲ್ಟ್ ಬಂದರೆ ಕಳ್ಳ ಸಿಕ್ಕಿದ. ಇಂಜಿನ್ ಸ್ಟಾರ್ಟ್ ಆಗದಿರಲಿ ಅಂತ ಕಾಯಿಲಿನ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವುದು) ನಡುವಿನ ದಪ್ಪ ವೈರನ್ನು ಡಿಸ್ಟ್ರಿಬ್ಯೂಟರಿನಿಂದ (ಅದನ್ನು ಒಂದೊಂದೇ ಪ್ಲಗ್ಗಿಗೆ ಹಂಚುವುದು) ಕಿತ್ತರೆ ಅದರ ತುದಿಯನ್ನು ಇಂಜಿನ್ನಿಗೆ ಅರ್ತ್ ಮಾಡಿಡಿ. ಸುಮ್ನೆ ಗಾಳಿಯಲ್ಲಿ ಬಿಟ್ಟರೆ ಕಾಯಿಲಿಗೆ ಪೆಟ್ಟು.

ಕೀ ತಿರುಗಿಸಿದರೆ ಒಮ್ಮೊಮ್ಮೆ "ಟಕ್" ಅನ್ನುತ್ತದೆ ಅಷ್ಟೇ. ಹಾರ್ನ್, ಲೈಟ್ ಎಲ್ಲಾ ಚೆನ್ನಾಗಿದೆ. ಬ್ಯಾಟರಿ ಸರಿ ಇದೆ ಅಂತಲ್ವಾ?

ಅಲ್ಲ. ಲೆಕ್ಕ ನೋಡಿ. ಕೇಬಲಿನ ಜಾಯಿಂಟಿನಲ್ಲಿ 0.01 ಓಮ್ ತಡೆ ಇದೆ ಅಂದುಕೊಳ್ಳಿ. 5 ಆಂಪಿನ ದೀಪಕ್ಕೆ ಅದರಿಂದ ನಷ್ಟ 0.05 ವೋಲ್ಟ್, ಕಣ್ಣಿಗೂ ಕಾಣುವುದಿಲ್ಲ. 100 ಆಂಪ್ ಎಳೆಯುವ ಸೆಲ್ಫಿಗೆ ಅದೇ ಜಾಯಿಂಟಿನಲ್ಲಿ ಒಂದು ವೋಲ್ಟ್ ಹೋಯಿತು. ಹಾಗಾಗಿ ಹಾರ್ನ್ ಹೊಡೆಯುವುದು ಏನನ್ನೂ ಸಾಬೀತು ಮಾಡುವುದಿಲ್ಲ.

ಸೆಲ್ಫ್ ಹೊಡೆಯುವಾಗ ಒಳಗಿನ ದೀಪ ನೋಡುತ್ತಿರಿ. ದೀಪ ಪೂರ್ತಿ ಕುಗ್ಗಿದರೆ ಬ್ಯಾಟರಿ ಅಥವಾ ಟರ್ಮಿನಲ್. ದೀಪ ಹಾಗೇ ಇದ್ದು ಬರೀ "ಟಕ್" ಅಂದರೆ ಸೊಲಿನಾಯ್ಡ್ (ಸೆಲ್ಫಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್) ಒಳಗಿನ ಕಾಂಟ್ಯಾಕ್ಟ್ ಅಥವಾ ಕಾರ್ಬನ್ ಬ್ರಶ್ ಸವೆದಿದೆ. "ಟಕ್" ಕೂಡ ಇಲ್ಲ ಅಂದರೆ ಸೊಲಿನಾಯ್ಡಿಗೆ ಹೋಗುವ ಸಣ್ಣ ವೈರ್, ಅಥವಾ ಇಗ್ನಿಷನ್ ಸ್ವಿಚ್. ಸೆಲ್ಫಿಗೆ ಸ್ಪ್ಯಾನರಿನಲ್ಲಿ ಮೆಲ್ಲಗೆ ತಟ್ಟಿದರೆ ಎದ್ದುಬಿಟ್ಟರೆ ಬ್ರಶ್ ಮುಗಿದಿದೆ. ತಟ್ಟಿಕೊಂಡು ಮನೆ ಸೇರಿ, ತಟ್ಟಿಕೊಂಡೇ ಆರು ತಿಂಗಳು ಓಡಿಸಬೇಡಿ.

ಓಡುತ್ತಾ ಇದ್ದಾಗ ಇಂಜಿನ್ ನಿಂತುಹೋಗುತ್ತದೆ. ಇಪ್ಪತ್ತು ನಿಮಿಷ ಬಿಟ್ಟರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ. ಏನಿದು?

ಇದರಲ್ಲಿ ನಾನು ಡಿಗ್ರಿ ಮಾಡಿದ್ದೇನೆ. ಒಂದು ಆಗಸ್ಟಿನಲ್ಲಿ ಆಗುಂಬೆ ರಸ್ತೆಯಲ್ಲಿ ನಿಂತಿತು. ಮಳೆಯಲ್ಲಿ ಕೂತಿದ್ದು, ಮತ್ತೆ ಕೀ ತಿರುಗಿಸಿದೆ, ಸ್ಟಾರ್ಟ್. ಒಂದು ಗ್ಯಾರೇಜಿನಲ್ಲಿ "ಕಾಯಿಲ್ ಬಿಸಿ ಆಗಿ ಬಿಡ್ತಿದೆ" ಅಂದರು, ಕಾಯಿಲ್ ಬದಲಾಯಿತು. ಎರಡು ವಾರ ಚೆನ್ನಾಗಿತ್ತು. ಮತ್ತೆ ನಿಂತಿತು. ಡಿಸ್ಟ್ರಿಬ್ಯೂಟರ್ ಕ್ಯಾಪು, ರೋಟರ್ ಬದಲಾಯಿತು. ಮತ್ತೆ ನಿಂತಿತು. ಕಾರ್ಬ್ಯುರೇಟರ್ ಬಿಚ್ಚಿ ತೊಳೆದರು. ಪೆಟ್ರೋಲೇ ಕಲಬೆರಕೆ ಅಂದರು.

ಕೊನೆಗೆ ಕಾಯಿಲಿನ ಪಾಸಿಟಿವ್‌ಗೂ ಅರ್ತಿಗೂ ಒಂದು ಸಣ್ಣ ಬಲ್ಬು ಕಟ್ಟಿ, ಅದರ ವೈರನ್ನು ಬಾನೆಟ್ ಸಂದಿಯಿಂದ ಒಳಗೆ ತಂದು ಕಣ್ಣಿಗೆ ಕಾಣುವ ಹಾಗೆ ಟೇಪ್ ಹಾಕಿ ಅಂಟಿಸಿದೆ. ಹನ್ನೊಂದು ದಿನ ಹಾಗೇ ಓಡಾಡಿದೆ. ಹನ್ನೆರಡನೇ ದಿನ ಇಂಜಿನ್ ನಿಂತಿತು, ಆ ಬಲ್ಬೂ ಆರಿತ್ತು. ಅಂದರೆ ಕಾಯಿಲ್ ಪಾಪದ್ದು, ಅದಕ್ಕೆ ಕರೆಂಟೇ ಬರುತ್ತಿರಲಿಲ್ಲ. ಹಿಂದೆ ಹಿಂದೆ ಹೋದರೆ ಇಗ್ನಿಷನ್ ಸ್ವಿಚ್ಚಿನ ಕೆಳಗಿನ ಕಪ್ಲರಿನಲ್ಲಿ ಒಂದು ಲಗ್ಗು ಸಡಿಲವಾಗಿ, ಸುತ್ತಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಸಡಿಲವಾದ್ದರಿಂದ ಬಿಸಿ, ಬಿಸಿಯಾದ್ದರಿಂದ ಇನ್ನಷ್ಟು ಸಡಿಲ. ತಣ್ಣಗಾದರೆ ಮತ್ತೆ ತಾಗುತ್ತಿತ್ತು. ಹೊಸ ಲಗ್ಗಿಗೆ ಆದ ಖರ್ಚು ಒಂದು ಕಾಫಿಗಿಂತ ಕಡಿಮೆ. ಹಿಂದೆ ಕೊಟ್ಟ ದುಡ್ಡಿನ ಲೆಕ್ಕ ಮನೆಯಲ್ಲಿ ಇನ್ನೂ ಹೇಳಿಲ್ಲ.

ನಿಮ್ಮ ಗಾಡಿಯಲ್ಲೂ ಅದೇ ಇರುತ್ತದೆ ಅಂತಲ್ಲ. ಬಲ್ಬ್ ಉರಿಯುತ್ತಲೇ ಇದ್ದು ಇಂಜಿನ್ ನಿಂತರೆ ಆಗ ಕಾಯಿಲ್ ಕಡೆ ಹೋಗಿ. ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗೆ ಕಾಯಿಲಿನ ಕರೆಂಟನ್ನು ಕತ್ತರಿಸಿ ಕಿಡಿ ಬರಿಸುವ ಸ್ವಿಚ್) ಇರುವ ಗಾಡಿಯಲ್ಲಿ ಕಂಡೆನ್ಸರ್ ಬಿಸಿಗೆ ಕೈಕೊಡುತ್ತದೆ. ಪಾಯಿಂಟ್ ಇಲ್ಲದವುಗಳಲ್ಲಿ ಅದರ ಕೆಲಸ ಮಾಡುವ ಇಗ್ನೈಟರ್, ಪಿಕಪ್ ಕಾಯಿಲ್. ಡಿಸ್ಟ್ರಿಬ್ಯೂಟರ್ ಒಳಗಿನ ಪ್ಲೇಟ್ ಇಂಜಿನ್ನಿನ ವ್ಯಾಕ್ಯೂಮಿಗೆ (ಒಳಗೆಳೆಯುವ ಗಾಳಿಯ ಸೆಳೆತಕ್ಕೆ) ತಕ್ಕಂತೆ ಅತ್ತಿತ್ತ ತಿರುಗುವುದರಿಂದ ಅಲ್ಲಿನ ಸಣ್ಣ ವೈರ್ ಮಡಚಿ ಮಡಚಿ ಒಳಗೇ ತುಂಡಾಗಿರುತ್ತದೆ, ಹೊರಗಿನ ಸಿಪ್ಪೆ ಚೆನ್ನಾಗಿರುತ್ತದೆ. ಮೆಲ್ಲಗೆ ಎಳೆದು ನೋಡಿ. ಒಂದು ಕಡೆ ರಬ್ಬರಿನ ಹಾಗೆ ಉದ್ದವಾದರೆ ಒಳಗೆ ತಾಮ್ರ ಇಲ್ಲ.

ಆಕ್ಸಿಲರೇಟರ್ ಒತ್ತಿದರೆ ಓಡುತ್ತದೆ, ಬಿಟ್ಟರೆ ಮಾತ್ರ ಆಫ್ ಆಗುತ್ತದೆ ಅನ್ನುವುದಾದರೆ ಬೇರೆ ಕಥೆ. ಕಾರ್ಬ್ಯುರೇಟರಿನಲ್ಲಿ ಒಂದು ಪೆಟ್ರೋಲ್ ಕಟ್ ಸೊಲಿನಾಯ್ಡ್ ಇರುತ್ತದೆ. ಅದರ ವೈರ್ ಲೂಸಾದರೆ ಐಡ್ಲಿಂಗಿಗೆ ಪೆಟ್ರೋಲ್ ಸಿಗುವುದಿಲ್ಲ. ಕೀ ಆನ್ ಮಾಡಿ ಆ ವೈರನ್ನು ತೆಗೆದು ತಾಗಿಸಿ, "ಟಿಕ್" ಅನ್ನಬೇಕು.

ಅಂದ ಹಾಗೆ, ಕಾರಿನ ಕೀಗೆ ಮನೆ ಕೀ, ಅಂಗಡಿ ಕೀ, ದೇವರ ಡಾಲರ್ ಎಲ್ಲಾ ಕಟ್ಟಿ ನೇತುಹಾಕುವವರೇ, ಆ ಭಾರ ಇಡೀ ದಿನ ಸ್ವಿಚ್ಚನ್ನು ಜಗ್ಗುತ್ತಿರುತ್ತದೆ. ಕಾರಿನ ಕೀ ಒಂಟಿಯಾಗಿರಲಿ.

ಮಳೆಗಾಲದಲ್ಲಿ ಮಾತ್ರ ತೊಂದರೆ ಕೊಡುತ್ತದೆ

ಸಂಜೆ ಕತ್ತಲಾದ ಮೇಲೆ ಬಾನೆಟ್ ಎತ್ತಿ, ಇಂಜಿನ್ ಓಡುತ್ತಿರುವಾಗ ಪ್ಲಗ್ ವೈರುಗಳ ಮೇಲೆ ಸಣ್ಣಗೆ ನೀರು ಸಿಂಪಡಿಸಿ. ನೀಲಿ ಕಿಡಿ ಹರಿದಾಡುವುದು ಕಂಡರೆ ವೈರೋ ಕ್ಯಾಪೋ ಬಿರಿದಿದೆ. ಕೈ ಮಾತ್ರ ದೂರ ಇರಲಿ, ಆ ಪೆಟ್ಟು ಸಾವಿರಾರು ವೋಲ್ಟಿನದು. ಕ್ಯಾಪಿನ ಒಳಗೆ ಪೆನ್ಸಿಲ್ ಗೆರೆಯಂಥ ಕಪ್ಪು ಗೀರು ಇದ್ದರೆ ಒರೆಸಿ ಪ್ರಯೋಜನವಿಲ್ಲ, ಬದಲಿಸಿ.

ಇನ್ನೊಂದು ಜಾಗ, ಮುಂದಿನ ಗಾಜಿನ ರಬ್ಬರ್. ಅದು ಗಟ್ಟಿಯಾಗಿ ಬಿರುಕು ಬಿಟ್ಟರೆ ನೀರು ಒಳಗಿಂದ ಇಳಿದು ಡ್ಯಾಶ್ ಕೆಳಗಿನ ಫ್ಯೂಸ್ ಬಾಕ್ಸು, ಕಪ್ಲರುಗಳ ಮೇಲೆ ತೊಟ್ಟಿಕ್ಕುತ್ತದೆ. ಕಾಲಿನ ಮ್ಯಾಟ್ ಎತ್ತಿ ನೋಡಿ. ಅಲ್ಲಿ ಒದ್ದೆ ಇದ್ದರೆ ಕರೆಂಟ್ ಕೆಲಸಕ್ಕಿಂತ ಮೊದಲು ರಬ್ಬರಿನ ಕೆಲಸ.

ಎರಡು ದಿನ ನಿಲ್ಲಿಸಿದರೆ ಬ್ಯಾಟರಿ ಡೌನ್. ಬ್ಯಾಟರಿ ಹೊಸದು

ಯಾವುದೋ ಒಂದು ಕರೆಂಟ್ ಕುಡಿಯುತ್ತಿದೆ. ನೆಗೆಟಿವ್ ಟರ್ಮಿನಲ್ ಬಿಚ್ಚಿ, ಮೀಟರನ್ನು 10 ಆಂಪಿನ ತೂತಿಗೆ ಬದಲಿಸಿ, ಟರ್ಮಿನಲ್ ಮತ್ತು ಬ್ಯಾಟರಿ ಕಂಬದ ನಡುವೆ ಜೋಡಿಸಿ. ಬಾಗಿಲೆಲ್ಲ ಮುಚ್ಚಿರಲಿ. ಈ ಸ್ಥಿತಿಯಲ್ಲಿ ಸೆಲ್ಫ್ ಹೊಡೆದರೆ ಮೀಟರ್ ಸತ್ತಿತು ಅಂತಲೇ ತಿಳಿಯಿರಿ.

0.05 ಆಂಪಿನ ಒಳಗಿದ್ದರೆ ಚಿಂತೆ ಇಲ್ಲ. ಗಡಿಯಾರವೂ ಇಲ್ಲದ ಕಾರ್ಬ್ಯುರೇಟರ್ ಗಾಡಿಯಲ್ಲಿ ಸೊನ್ನೆಯ ಹತ್ತಿರವೇ ಇರಬೇಕು. ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ಕಿತ್ತು ನೋಡಿ, ಯಾವುದನ್ನು ಕಿತ್ತಾಗ ಅಂಕಿ ಬೀಳುತ್ತದೋ ಆ ಸಾಲಿನಲ್ಲಿದೆ ಕಳ್ಳ. ಎಲ್ಲಾ ಫ್ಯೂಸ್ ಕಿತ್ತರೂ ಬೀಳದಿದ್ದರೆ ಆಲ್ಟರ್ನೇಟರಿನ ಡಯೋಡ್, ಅಥವಾ ಬ್ಯಾಟರಿಗೆ ನೇರವಾಗಿ ಕಟ್ಟಿದ ಏನೋ ಒಂದು. ಹಳೆ ಗಾಡಿಯಲ್ಲಿ ಆ "ಏನೋ ಒಂದು" ಹೆಚ್ಚಾಗಿ ಮ್ಯೂಸಿಕ್ ಸಿಸ್ಟಂ, ಇಲ್ಲವೇ ಹಿಂದಿನ ಮಾಲೀಕರು ಹಾಕಿಸಿದ ಸೈರನ್.

ಬಾಗಿಲಿನ ಸ್ವಿಚ್ ಕೆಟ್ಟು ರೂಫ್ ಲ್ಯಾಂಪ್ ಉರಿಯುತ್ತಲೇ ಇದ್ದರೂ ಹೀಗಾಗುತ್ತದೆ. 5 ವ್ಯಾಟಿನ ಬಲ್ಬು ಎಳೆಯುವುದು 0.4 ಆಂಪ್. 35 ಆಂಪ್-ಅವರಿನ ಬ್ಯಾಟರಿಯನ್ನು ಅದು ಮೂರೂವರೆ ದಿನದಲ್ಲಿ ಪೂರ್ತಿ ಖಾಲಿ ಮಾಡುತ್ತದೆ. ಸೆಲ್ಫ್ ತಿರುಗಿಸಲಾಗದಷ್ಟು ಸುಸ್ತಾಗಲು ಅದರಲ್ಲಿ ಅರ್ಧ ಸಮಯ ಸಾಕು.

ಚಾರ್ಜಿಂಗ್ ದೀಪ ಒಮ್ಮೊಮ್ಮೆ ಮಿಣುಕುತ್ತದೆ, ಆಮೇಲೆ ಸುಮ್ಮನಾಗುತ್ತದೆ

ಬೆಲ್ಟ್ ನೋಡಿ, ಆಮೇಲೆ ಆಲ್ಟರ್ನೇಟರಿನ ಹಿಂದಿನ ಕಪ್ಲರ್, ಆಮೇಲೆ ಕಾರ್ಬನ್ ಬ್ರಶ್. ಬ್ರಶ್ ಸವೆದರೆ ರಸ್ತೆಯ ಕುಲುಕಾಟಕ್ಕೆ ತಕ್ಕಂತೆ ಚಾರ್ಜ್ ಬಂದುಹೋಗುತ್ತದೆ. ವೋಲ್ಟೇಜ್ 15 ದಾಟಿದರೆ ರೆಗ್ಯುಲೇಟರ್, ಅಂದರೆ ನಮ್ಮವರು ಕಟ್‌ಔಟ್ ಅನ್ನುವುದು, ಹೋಗಿದೆ. ಬಲ್ಬುಗಳು ಪದೇ ಪದೇ ಸುಡುವುದು, ಬ್ಯಾಟರಿ ನೀರು ಬೇಗ ಒಣಗುವುದು ಅದರ ಗುರುತು.

ಇಂಜಿನ್ ಓಡುವಾಗ ಬ್ಯಾಟರಿ ಟರ್ಮಿನಲ್ ಕಿತ್ತು "ಆಲ್ಟರ್ನೇಟರ್ ಸರಿ ಇದೆ, ನೋಡಿ ಗಾಡಿ ನಿಲ್ಲಲಿಲ್ಲ" ಅಂತ ತೋರಿಸುವ ಪದ್ಧತಿ ಇದೆ. ಯಾರಿಗೂ ಮಾಡಲು ಬಿಡಬೇಡಿ. ಆ ಕ್ಷಣದಲ್ಲಿ ವೋಲ್ಟೇಜ್ ಜಿಗಿದು ಡಯೋಡ್, ರೆಗ್ಯುಲೇಟರ್, ಇಸಿಯು ಇದ್ದರೆ ಅದೂ ಹೋಗಬಹುದು.

ಫ್ಯೂಸ್ ಆಗಾಗ ಹೋಗುತ್ತದೆ. ಸ್ವಲ್ಪ ದೊಡ್ಡದು ಹಾಕಲಾ?

ಬೇಡ. 10 ಆಂಪ್ ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಕೆಂಪು ಇದ್ದ ಕಡೆ ಕೆಂಪೇ. ಫ್ಯೂಸಿನ ಕೆಲಸ ವೈರನ್ನು ಕಾಯುವುದು. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದರೆ ಸುಡುವುದು ವೈರು, ಆಮೇಲೆ ಪಕ್ಕದ ವೈರುಗಳು, ಆಮೇಲೆ ಗಾಡಿ.

ಫ್ಯೂಸಿನ ಜಾಗದಲ್ಲಿ ಆ 21 ವ್ಯಾಟ್ ಟೆಸ್ಟ್ ಲ್ಯಾಂಪ್ ಜೋಡಿಸಿ. ಆ ಸಾಲಿನ ದೀಪ, ಮೋಟರ್ ಎಲ್ಲಾ ಆಫ್ ಇರಲಿ. ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಬೆಳಗುತ್ತದೆ, ಫ್ಯೂಸ್ ವೇಸ್ಟ್ ಆಗುವುದಿಲ್ಲ. ಈಗ ವೈರಿಂಗನ್ನು ಮುಂದಿನಿಂದ ಹಿಂದಕ್ಕೆ ಒಂದೊಂದು ಗೇಣು ಅಲುಗಾಡಿಸುತ್ತಾ ಹೋಗಿ. ಬಲ್ಬು ಆರಿದ ಜಾಗದಲ್ಲಿ ನಿಲ್ಲಿ. ಡಿಕ್ಕಿ ಬಾಗಿಲಿನ ಕೀಲು, ಬಾಡಿಯ ತೂತಿನಲ್ಲಿ ವೈರ್ ನುಗ್ಗುವ ರಬ್ಬರ್ ಬಿದ್ದುಹೋದ ಕಡೆ, ಸೀಟಿನ ಹಳಿಯ ಕೆಳಗೆ, ಈ ಮೂರನ್ನು ಮೊದಲು ನೋಡಿ. ಪದ್ಮಿನಿಯಂಥ ಗಾಡಿಗಳ ಪಿಂಗಾಣಿ ಫ್ಯೂಸಿನಲ್ಲಿ ಇನ್ನೊಂದು ಕಾಟ ಇದೆ: ಫ್ಯೂಸ್ ಸರಿಯೇ ಇರುತ್ತದೆ, ಹಿಡಿದಿರುವ ಕ್ಲಿಪ್ಪಿಗೆ ಕಿಲುಬು. ಸ್ವಲ್ಪ ತಿರುಗಿಸಿದರೆ ಲೈಟ್ ಬರುತ್ತದೆ, ನಾಲ್ಕು ದಿನಕ್ಕೆ ಮತ್ತೆ ಹೋಗುತ್ತದೆ. ಕ್ಲಿಪ್ಪನ್ನು ಉಜ್ಜಿ ಬಿಗಿ ಮಾಡಿ.

ಹೆಡ್‌ಲೈಟ್ ಮಂಕು. 100 ವ್ಯಾಟಿನ ಬಲ್ಬು ಹಾಕಿದರೆ?

ಬಲ್ಬಿನದಲ್ಲ ತಪ್ಪು. ಹಳೆ ಗಾಡಿಗಳಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟ್ ಸ್ಟೀರಿಂಗ್ ಪಕ್ಕದ ಸ್ವಿಚ್ ಮೂಲಕವೇ ಹಾಯುತ್ತದೆ. 60 ವ್ಯಾಟಿನ ಎರಡು ಬಲ್ಬಿಗೆ 10 ಆಂಪ್. ಸ್ವಿಚ್ ಸವೆದು, ಬಲ್ಬಿಗೆ ಶೇ 90ರಷ್ಟು ವೋಲ್ಟೇಜ್ ತಲುಪಿದರೆ ಬೆಳಕು ಶೇ 70ಕ್ಕೆ ಇಳಿಯುತ್ತದೆ. ಅದೇ ಸ್ವಿಚ್ಚಿನ ಮೇಲೆ 100 ವ್ಯಾಟಿನ ಬಲ್ಬು ಹೇರಿದರೆ ಕರಗುವುದು ಸ್ವಿಚ್. ಎದುರಿನವರ ಕಣ್ಣು ಕುಕ್ಕುವುದು ಬೇರೆ, ಕಾನೂನು ಒಪ್ಪುವುದಿಲ್ಲ ಅನ್ನುವುದು ಬೇರೆ.

60/55ರ ಬಲ್ಬನ್ನೇ ಇಟ್ಟು ರಿಲೇ ಹಾಕಿಸಿ. ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ವೈರ್ ರಿಲೇಯ 30 ನಂಬರಿನ ಪಿನ್ನಿಗೆ, 87ರಿಂದ ಬಲ್ಬಿಗೆ, ಹಳೆ ವೈರ್ 85-86ಕ್ಕೆ. ಕೆಲವು ಗಾಡಿಗಳಲ್ಲಿ ಸ್ವಿಚ್ ಇರುವುದು ಅರ್ತ್ ಕಡೆ. ಅಲ್ಲಿ ಜೋಡಣೆ ಬೇರೆ, ಮೊದಲು ಅದನ್ನು ಪತ್ತೆ ಮಾಡಿಯೇ ಕಿಟ್ ತನ್ನಿ.

ಇಲಿ ವೈರ್ ಕಡಿದಿದೆ. ಟೇಪ್ ಸುತ್ತಿದರೆ ಸಾಕಾ?

ಮನೆ ತಲುಪುವ ತನಕ ಸಾಕು. ಆಮೇಲೆ ಕಡಿದ ಭಾಗ ಕತ್ತರಿಸಿ, ಅದೇ ದಪ್ಪದ ವೈರ್ ಸೇರಿಸಿ, ಬೆಸುಗೆ ಹಾಕಿ ಅಥವಾ ಕ್ರಿಂಪ್ ಮಾಡಿ, ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಹಾಕಿ. ಅಡಿಕೆ ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸುವ ನಮ್ಮಂಥವರಿಗೆ ಇಲಿ ಬರುವುದು ನಿಲ್ಲಿಸುವ ಮದ್ದು ನನಗಿನ್ನೂ ಸಿಕ್ಕಿಲ್ಲ. ಹೊಗೆಸೊಪ್ಪು ಇಟ್ಟೆ, ಅದರ ಪಕ್ಕದಲ್ಲೇ ಗೂಡು ಕಟ್ಟಿತ್ತು. ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡುವುದೊಂದೇ ದಾರಿ.

ಗಾಡಿಗೆ ಗ್ಯಾಸ್ ಕಿಟ್ ಇದೆ. ಅದರಿಂದಲೂ ಹೀಗಾಗುತ್ತದಾ?

ಖಂಡಿತ. ಓಮ್ನಿಗಳಲ್ಲಿ ಇದು ಬಹಳ. ಕಿಟ್ಟಿನ ಸ್ವಿಚ್ಚಿಗೆ ಕರೆಂಟನ್ನು ಇಗ್ನಿಷನ್ ಕಾಯಿಲಿನ ವೈರಿನಿಂದಲೇ ಎತ್ತಿರುತ್ತಾರೆ. ಆ ಜಾಯಿಂಟ್ ಎಷ್ಟೋ ಸಲ ವೈರ್ ಸುಲಿದು ತಿರುಚಿ ಟೇಪ್ ಸುತ್ತಿದ್ದು. ಅದು ಬಿಸಿಗೆ ಅಂಟಂಟಾಗಿ ಬಿಚ್ಚಿಕೊಳ್ಳುತ್ತದೆ. ಗ್ಯಾಸಿನಲ್ಲಿ ಮಾತ್ರ ನಿಂತು ಪೆಟ್ರೋಲಿನಲ್ಲಿ ನಿಲ್ಲದಿದ್ದರೆ ಗ್ಯಾಸ್ ಸೊಲಿನಾಯ್ಡಿನ ವೈರ್. ಎರಡರಲ್ಲೂ ನಿಂತರೆ ಕಾಯಿಲ್ ಹತ್ತಿರದ ಆ ಜಾಯಿಂಟ್. ಗ್ಯಾಸ್ ಪೈಪು, ವಾಲ್ವಿಗೆ ಮಾತ್ರ ನೀವು ಕೈಹಾಕಬೇಡಿ.

ನನ್ನದು ಎಂಪಿಎಫ್‌ಐ, ಅಂದರೆ ಇಂಜೆಕ್ಷನ್ ಗಾಡಿ. ಇದೆಲ್ಲಾ ಅನ್ವಯಿಸುತ್ತದಾ?

ಅರ್ತ್, ಕಪ್ಲರ್, ಬ್ಯಾಟರಿ ವಿಷಯ ಪೂರ್ತಿ ಅನ್ವಯಿಸುತ್ತದೆ. ಅದರ ಮೇಲೆ ಎರಡು. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಎರಡು-ಮೂರು ಸೆಕೆಂಡ್ "ಝುಂಯ್" ಅಂತ ಪೆಟ್ರೋಲ್ ಪಂಪ್ ಸದ್ದು ಬರುತ್ತದೆ. ಆ ಸದ್ದು ಚೆನ್ನಾಗಿರುವಾಗಲೇ ಕಿವಿಗೆ ಅಭ್ಯಾಸವಾಗಿರಲಿ. ಗಾಡಿ ನಿಂತ ದಿನ ಸದ್ದೂ ಇಲ್ಲದಿದ್ದರೆ ಪಂಪ್ ರಿಲೇ, ಮೇನ್ ರಿಲೇ ನೋಡಿ. ಪಕ್ಕದಲ್ಲೇ ಅಂಥದೇ ರಿಲೇ ಇದ್ದರೆ ಅದಲು ಬದಲು ಮಾಡಿದರೆ ಗೊತ್ತಾಗುತ್ತದೆ. ಪಂಪ್ ಸದ್ದಿದೆ, ಬಿಸಿಯಲ್ಲಿ ಮಾತ್ರ ಸ್ಟಾರ್ಟ್ ಆಗುವುದಿಲ್ಲ ಅಂದರೆ ಕ್ರ್ಯಾಂಕ್ ಅಥವಾ ಕ್ಯಾಮ್ ಸೆನ್ಸರ್ ಮೇಲೆ ಸಂಶಯ.

ಪೂರ್ತಿ ವೈರಿಂಗ್ ಕಿಟ್ ಬದಲಿಸಿದರೆ ಒಂದೇ ಸಲಕ್ಕೆ ಮುಗಿಯುವುದಿಲ್ವಾ?

ಸುಟ್ಟ ಗಾಡಿ, ಇಲಿ ಪೂರ್ತಿ ತಿಂದ ಗಾಡಿ ಆದರೆ ಸರಿ. ಇಲ್ಲದಿದ್ದರೆ ನಾನು ಬೇಡ ಅನ್ನುತ್ತೇನೆ. ಮಾರುತಿ 800, ಅಂಬಾಸಿಡರ್ ಎರಡೂ ತಯಾರಾಗುವುದು ನಿಂತಿದ್ದು 2014ರಲ್ಲಿ. ಈಗ ಸಿಗುವ ಕಿಟ್‌ಗಳಲ್ಲಿ ಎಷ್ಟೋ ಸಲ ತಾಮ್ರ ತೆಳು, ಬಣ್ಣ ಬೇರೆ, ಲಗ್ಗು ಸಡಿಲ. ಹಳೆ ವೈರ್ ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ, ಕೆಟ್ಟಿರುವುದು ಅದರ ತುದಿಗಳು. ಒಂದು ಭಾನುವಾರ ಕೂತು ಎಲ್ಲಾ ಅರ್ತ್ ಸ್ಕ್ರೂ ಬಿಚ್ಚಿ ಉಜ್ಜಿ, ಎಲ್ಲಾ ಕಪ್ಲರ್ ತೆಗೆದು ಸ್ವಚ್ಛ ಮಾಡಿ ಹಾಕಿದರೆ ಬಹಳಷ್ಟು ಕಾಯಿಲೆ ಹೆಸರು ಕೇಳದೆಯೇ ಹೋಗುತ್ತದೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ.

ಎಲೆಕ್ಟ್ರಿಷಿಯನ್ ಹತ್ತಿರ ಏನಂತ ಹೇಳಬೇಕು?

"ಕಾಯಿಲ್ ಹೋಗಿದೆ ಅನ್ಸುತ್ತೆ ಅಣ್ಣ" ಅಂತ ಮಾತ್ರ ಹೇಳಬೇಡಿ. ಕಾಯಿಲ್ ಬದಲಾಗುತ್ತದೆ. ನೋಟ್‌ಬುಕ್ ತೆಗೆದು ಓದಿ: "ಬಿಸಿ ಆದಮೇಲೆ, ಗುಂಡಿಗೆ ಬಿದ್ದಾಗ ನಿಲ್ಲುತ್ತೆ, ಆಗ ಚಾರ್ಜಿಂಗ್ ದೀಪವೂ ಇರಲ್ಲ, ಹಾರ್ನ್ ಇರುತ್ತೆ." ಒಳ್ಳೆ ಎಲೆಕ್ಟ್ರಿಷಿಯನ್ ಆದರೆ ಅಷ್ಟಕ್ಕೇ ಸ್ಟೀರಿಂಗ್ ಕೆಳಗೆ ತಲೆ ಹಾಕುತ್ತಾರೆ. ಬದಲಿಸಿದ ಹಳೆ ಪಾರ್ಟನ್ನು ಕೇಳಿ ವಾಪಸ್ ತನ್ನಿ. ನನ್ನ ಹಳೆ ಕಾಯಿಲ್ ಈಗಲೂ ಡಿಕ್ಕಿಯಲ್ಲಿದೆ, ಚೆನ್ನಾಗಿಯೇ ಇದೆ. ಕಳೆದ ವರ್ಷ ಪಕ್ಕದೂರಿನ ಒಬ್ಬರ ಓಮ್ನಿಗೆ ನಿಜವಾಗಿಯೂ ಕಾಯಿಲ್ ಹೋಗಿತ್ತು, ಅದನ್ನೇ ಹಾಕಿ ಮನೆ ಮುಟ್ಟಿಸಿ, ಆಮೇಲೆ ಬಿಚ್ಚಿ ತಂದಿಟ್ಟಿದ್ದೇನೆ.